ಮರಿ ಹಾಕುವುದು ನೋಡಲು ಸಿಗುತ್ತದೆಯೇ?

ಬನ್ನೇರುಘಟ್ಟದಲ್ಲಿ ಆನೆಯೊಂದು ಗಬ್ಬವಾಗಿದೆಯಂತೆ, ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಹೋದರೆ ಮರಿ ಹಾಕುವುದು ಕಾಣುತ್ತದೆಯೇ ಅಂತ ಕೇಳಿದ್ದೀರಿ. ಅದರ ಆಸೆ ಬಿಡಿ. ಆನೆಗಳು ಹೆಚ್ಚಾಗಿ ಹೆರುವುದು ರಾತ್ರಿ ಹೊತ್ತಲ್ಲಿ, ಆಗ ಹತ್ತಿರ ಇರುವವರು ಮಾವುತ, ಕಾವಾಡಿ, ಡಾಕ್ಟರು ಅಷ್ಟೇ.

ದಿನ ಹೇಳುವುದೂ ಕಷ್ಟ. ಗರ್ಭ 18ರಿಂದ 22 ತಿಂಗಳು. ಅಲ್ಲಿನ ಹೆಣ್ಣಾನೆಗಳಿಗೆ ಪಕ್ಕದ ಕಾಡಿನ ಸಲಗಗಳ ಜೊತೆಗೂ ಸಂಬಂಧ ಬೆಳೆಯುವುದುಂಟು; ಯಾವತ್ತು ಕೂಡಿದವು ಅಂತ ಯಾರು ಡೈರಿ ಬರೆದಿಟ್ಟಿರುತ್ತಾರೆ? ರಕ್ತಪರೀಕ್ಷೆಯಲ್ಲಿ ಗರ್ಭ ಉಳಿಸುವ ಹಾರ್ಮೋನಾದ ಪ್ರೊಜೆಸ್ಟರಾನ್ ದಿಢೀರ್ ಇಳಿದರೆ ಇನ್ನು ಕೆಲವೇ ದಿನ ಅಂತ ಗೊತ್ತಾಗುತ್ತದೆ. ಅದಕ್ಕೆ ಮೊದಲು ಹೇಳುವುದೆಲ್ಲ ಅಂದಾಜು. ನಿಮ್ಮ ಜಾಗದಲ್ಲಿ ನಾನಿದ್ದರೆ ಮರಿ ಹುಟ್ಟಿದ ಸುದ್ದಿ ಬಂದ ಮೇಲೂ ಕೆಲವು ವಾರ ಕಾಯುತ್ತಿದ್ದೆ. ಸೋಂಕಿನ ಭಯಕ್ಕೆ ಮೊದಲು ತಾಯಿ, ಮರಿಯನ್ನು ಜನರಿಂದ ದೂರ ಇಡುವುದು ಸಾಮಾನ್ಯ, ಇಡಲೂಬೇಕು.

ಕಾದರೆ ನಷ್ಟವಿಲ್ಲ. ಹುಟ್ಟುವಾಗಲೇ ಸುಮಾರು 100 ಕೆ.ಜಿ. ತೂಗುವ ಮರಿಗೆ ತನ್ನ ಸೊಂಡಿಲನ್ನು ಏನು ಮಾಡಬೇಕೆಂದೇ ಗೊತ್ತಿರುವುದಿಲ್ಲ. ತುಳಿದುಕೊಳ್ಳುತ್ತದೆ, ಬಾಯಿಗೆ ಇಟ್ಟುಕೊಂಡು ಚೀಪುತ್ತದೆ. ಹಾಲನ್ನಂತೂ ಬಾಯಿಂದಲೇ ಕುಡಿಯುತ್ತದೆ, ಸೊಂಡಿಲು ಮೇಲಕ್ಕೆ ಮಡಚಿಕೊಂಡು. ತಾಯಿಯ ಮೊಲೆ ಇರುವುದು ಮುಂಗಾಲುಗಳ ನಡುವೆ, ಮಕ್ಕಳಿಗೆ ಅಲ್ಲಿ ನೋಡಲು ಹೇಳಿ. ಗುಂಪಿನ ಬೇರೆ ಹೆಣ್ಣಾನೆಗಳೂ ಚಿಕ್ಕಮ್ಮ ದೊಡ್ಡಮ್ಮಂದಿರಂತೆ ಮರಿಯ ಸುತ್ತಲೇ ಇರುತ್ತವೆ.

ಮಂಗಳವಾರ ರಜೆ, ಆ ದಿನ ಮಾತ್ರ ಹೋಗಬೇಡಿ. ಬಾಳೆಹಣ್ಣು, ಬೆಲ್ಲ ಏನನ್ನೂ ಕೊಡಲು ಹೋಗಬೇಡಿ, ಮಾವುತರು ಬೈಯುತ್ತಾರೆ.