ಚಿನ್ನ ಅಡವಿಡುವ ಮೊದಲು

ಹಾಸನ ಜಿಲ್ಲೆಯ ಓದುಗರೊಬ್ಬರು, ವೃತ್ತಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಬರೆದಿದ್ದಾರೆ: "ಮಗಳು ಬಿ.ಎಸ್ಸಿ. ಎರಡನೇ ವರ್ಷ. ಯುರೋಪಿನಲ್ಲಿ ನಡೆಯುವ ಅಂತರರಾಷ್ಟ್ರೀಯ ವಿದ್ಯಾರ್ಥಿ ಪರಿಸರ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಯಾಗಿ ಆಯ್ಕೆಯಾಗಿದ್ದಾಳೆಂದು ಇ-ಮೇಲ್ ಬಂದಿದೆ. ಹತ್ತು ದಿನದೊಳಗೆ ನೋಂದಣಿ ಶುಲ್ಕ ಕಟ್ಟಬೇಕಂತೆ. ವಿಮಾನ, ವೀಸಾ ನಮ್ಮದೇ ಖರ್ಚು. ಮನೆಯವಳ ಬಳೆ ಅಡವಿಟ್ಟರೆ ಹೇಗೋ ಹೊಂದೀತು. ಊರ ಕೆರೆಯ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆದು ಪ್ರಾಜೆಕ್ಟ್ ಬರೆದಿದ್ದಾಳೆ, ಚುರುಕಿದ್ದಾಳೆ. ಕಳಿಸಲೋ ಬೇಡವೋ?"

ಮೇಷ್ಟ್ರೇ, ಬಳೆ ಮನೆಯಲ್ಲೇ ಇರಲಿ.

ನೀವು ಪತ್ರದ ಜೊತೆಗಿಟ್ಟ ಇ-ಮೇಲ್ ಪ್ರತಿಯನ್ನು ಓದಿದೆ. ಅರ್ಧ ಪುಟ ಅಭಿನಂದನೆ. ಶುಲ್ಕ ಕಟ್ಟುವ ಕೊನೆಯ ದಿನಾಂಕ ದಪ್ಪಕ್ಷರದಲ್ಲಿದೆ. ಎರಡನೇ ದಿನ ಮಧ್ಯಾಹ್ನ ನಗರ ದರ್ಶನ, ಮೂರನೇ ದಿನ ಪ್ರಮಾಣಪತ್ರ. ಯಾವ ವಿಶ್ವವಿದ್ಯಾಲಯದ ಆತಿಥ್ಯವೆಂದು ಹುಡುಕಿದರೆ ಸಿಕ್ಕಿದ್ದು ಹೋಟೆಲಿನ ಹೆಸರು. ನಿಮ್ಮ ಮಗಳ ಪ್ರಬಂಧದ ಸಾರಾಂಶವನ್ನು ಯಾರೂ ಕೇಳಿಲ್ಲ. ಏನು ಓದಿ ಆಯ್ಕೆ ಮಾಡಿದರೋ ಅವರನ್ನೇ ಕೇಳಬೇಕು. ಇದು ಮೋಸ ಎಂದು ನಾನು ಹೇಳುತ್ತಿಲ್ಲ. ಸಮ್ಮೇಳನ ನಡೆದೀತು, ಧ್ವಜಗಳ ಮುಂದೆ ಗುಂಪು ಫೋಟೋನೂ ಆದೀತು. ಆದರೆ ಅದಕ್ಕೆ ಪ್ರವಾಸ ಎಂದು ಹೆಸರು. ಪ್ರವಾಸಕ್ಕೆ ಸಾಲ ಮಾಡುವುದು ನನಗಂತೂ ಸರಿಕಾಣದು.

ವೀಸಾ ವಿಷಯವನ್ನು ಇ-ಮೇಲ್ ಒಂದು ಸಾಲಿನಲ್ಲಿ ತೇಲಿಸಿದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾಕ್ಕೆ ಈಗ 90 ಯೂರೊ ಶುಲ್ಕ, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ, ಖರ್ಚಿಗೆ ಹಣವಿದೆ ಎಂದು ತೋರಿಸುವ ಬ್ಯಾಂಕ್ ದಾಖಲೆ ಬೇಕು. ವೀಸಾ ಸಿಗದಿದ್ದರೆ ಆ 90 ಯೂರೊ ವಾಪಸ್ ಬರುವುದಿಲ್ಲ. ನೋಂದಣಿ ಶುಲ್ಕದ ಗತಿ ಏನು ಎಂಬುದರ ಬಗ್ಗೆ ಸಂಘಟಕರು ಮೌನ.

ಇನ್ನು ಕೆರೆಗೆ ಬರೋಣ. ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿರಿ, ನನ್ನ ಕಣ್ಣು ನಿಂತದ್ದು ಅಲ್ಲೇ. ಮೀನು ಬದುಕಬೇಕಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮಗಳು ನೀರು ತುಂಬಿಕೊಂಡದ್ದು ಎಷ್ಟು ಹೊತ್ತಿಗೆ? ಪಾಚಿ ಕಟ್ಟಿದ ಕೆರೆಯಲ್ಲಿ ಬಿಸಿಲಿರುವಷ್ಟು ಹೊತ್ತು ಪಾಚಿಯೇ ಆಮ್ಲಜನಕ ಬಿಡುತ್ತದೆ, ಮಧ್ಯಾಹ್ನದ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಕತ್ತಲಾದ ಮೇಲೆ ಪಾಚಿ, ಮೀನು, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಅದನ್ನು ಬಳಸಿಕೊಂಡು, ಸೂರ್ಯ ಹುಟ್ಟುವ ಹೊತ್ತಿಗೆ ಮಟ್ಟ ತಳ ಮುಟ್ಟಿರುತ್ತದೆ. ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುವುದು ಇದಕ್ಕೇ. ಬಾಟಲಿಯಲ್ಲಿ ಲೆಕ್ಕ ಕೆಡಿಸುವ ಗಾಳಿಗುಳ್ಳೆ ಉಳಿದಿತ್ತೇ? ನೀರಿನ ಆಮ್ಲಜನಕವನ್ನು ಹಾಗೇ ಹಿಡಿದಿಡುವ ರಾಸಾಯನಿಕವನ್ನು ದಡದಲ್ಲೇ ಹಾಕಿದಳೇ, ಇಲ್ಲ ಬಾಟಲಿ ಬಸ್ಸಿನಲ್ಲಿ ಕಾಲೇಜಿಗೆ ಹೋಯಿತೇ?

ಸಮ್ಮೇಳನಕ್ಕೆ ಹೋಗುವುದು ಇಂಥ ಪ್ರಶ್ನೆ ಕೇಳಿಸಿಕೊಳ್ಳಲಿಕ್ಕೆ. ಪೋಸ್ಟರ್ ಮುಂದೆ ನಿಂತಾಗ ಅಪರಿಚಿತರೊಬ್ಬರು ಬಂದು "ಇದನ್ನು ಬೆಳಿಗ್ಗೆ ಅಳೆದಿರಾ?" ಎಂದರೆ ಕೈಕಾಲು ತಣ್ಣಗಾಗುತ್ತದೆ, ಮುಂದಿನ ವಾರದ ಕೆಲಸ ಸಿಗುತ್ತದೆ. ಅದಕ್ಕೆ ಯುರೋಪೇ ಆಗಬೇಕಿಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು 'ಲೇಕ್' ಹೆಸರಿನಲ್ಲಿ ಎರಡು ವರ್ಷಕ್ಕೊಮ್ಮೆ ಕೆರೆ-ಜೌಗುಭೂಮಿಗಳ ಸಮ್ಮೇಳನ ನಡೆಸುತ್ತ ಬಂದಿದ್ದಾರೆ. ಮೂಡುಬಿದಿರೆಯಲ್ಲೂ ನಡೆದಿದೆ. ಅಲ್ಲಿ ಹೈಸ್ಕೂಲು ಮಕ್ಕಳೂ ಪ್ರಬಂಧ ಮಂಡಿಸುತ್ತಾರೆ. ಮೊದಲು ಅಲ್ಲಿಗೆ ಕಳಿಸಿ.

ವಿದೇಶದ ವೇದಿಕೆಯೇ ಬೇಕೆಂದು ಮಗಳು ಹಟ ಹಿಡಿದರೆ ಅದಕ್ಕೂ ದಾರಿಯಿದೆ. ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆ, ಪತ್ರಿಕೆಗಳು 'ಕಾಪ್' ಎಂದು ಬರೆಯುವುದು, ಪ್ರತಿವರ್ಷ ಶುರುವಾಗುವ ಮುಂಚೆ ಅದೇ ಊರಿನಲ್ಲಿ ಯುವಜನರ ಸಮ್ಮೇಳನ ನಡೆಯುತ್ತದೆ. 2005ರಲ್ಲಿ ಮಾಂಟ್ರಿಯಲ್‌ನಲ್ಲಿ ಆರಂಭವಾದದ್ದು ಗ್ಲಾಸ್ಗೊ, ದುಬೈ, ಬಾಕು ಸುತ್ತಿದೆ. ಗೋಷ್ಠಿಗಳನ್ನು ಯುವಕರೇ ರೂಪಿಸುತ್ತಾರೆ, ಕೊನೆಗೆ ಒಟ್ಟು ಬೇಡಿಕೆಗಳ ಒಂದು ಹೇಳಿಕೆ ಸಿದ್ಧಪಡಿಸಿ ಶೃಂಗಸಭೆಗೆ ಕೊಡುತ್ತಾರೆ. ದೇಶದೇಶಗಳ ಮಟ್ಟದಲ್ಲೂ ಇದರ ಸಣ್ಣ ಆವೃತ್ತಿಗಳಿವೆ, ಭಾರತದಲ್ಲೂ. ಶೃಂಗಸಭೆಯ ಒಳಗೆ ಹೋಗುವುದು ಮಾತ್ರ ಬೇರೆ ಕತೆ. ಮಾನ್ಯತೆ ಪಡೆದ ಸಂಸ್ಥೆಯೊಂದು ಹೆಸರು ಸೂಚಿಸಿದರಷ್ಟೇ ಬ್ಯಾಡ್ಜ್. ಸಿಕ್ಕಿದರೂ ದೊಡ್ಡ ನಿರೀಕ್ಷೆ ಬೇಡ. ಒಪ್ಪಂದದ ಕರಡು ತುಂಬ ಚೌಕಾವರಣಗಳು, ಒಂದೊಂದರೊಳಗೂ ಇನ್ನೂ ಒಪ್ಪಿಗೆಯಾಗದ ಮಾತು. ಅವನ್ನು ತೆಗೆಸಲು ರಾತ್ರಿಯಿಡೀ ಜಗ್ಗಾಟ. ವಿದ್ಯಾರ್ಥಿಗಳು ಹಿಂದಿನ ಸಾಲಿನಲ್ಲಿ ಕೂತು ನೋಡಬಹುದು.

ಹಾಗಾದರೆ ವಿದ್ಯಾರ್ಥಿಗಳಿಂದ ಏನೂ ಆಗದೇ ಎಂದು ನಿಮ್ಮ ಮಗಳು ಕೇಳಿಯಾಳು. ವನುವಾಟು ಎಂಬ ದ್ವೀಪರಾಷ್ಟ್ರದ ಕತೆ ಹೇಳಿ. ಅದರ ರಾಜಧಾನಿ ಪೋರ್ಟ್ ವಿಲಾದಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ತರಗತಿಯಿದೆ. 2019ರಲ್ಲಿ ಅಲ್ಲಿನ 27 ವಿದ್ಯಾರ್ಥಿಗಳು, ಹವಾಮಾನದ ವಿಷಯದಲ್ಲಿ ದೇಶಗಳ ಕರ್ತವ್ಯವೇನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಎಂದು ಹೊರಟರು. ಪೆಸಿಫಿಕ್ ದ್ವೀಪಗಳ ಸರ್ಕಾರಗಳಿಗೆಲ್ಲ ಪತ್ರ ಬರೆದರು. ವನುವಾಟು ಸರ್ಕಾರ ಕೈಹಿಡಿಯಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ಹೇಗ್ ನಗರದಲ್ಲಿರುವ ಆ ನ್ಯಾಯಾಲಯಕ್ಕೆ ಕಳಿಸಿತು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದಿಂದ ಅಭಿಪ್ರಾಯ ಕೊಟ್ಟಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಆ ಅಭಿಪ್ರಾಯ ಯಾವ ದೇಶವನ್ನೂ ನೇರವಾಗಿ ಕಟ್ಟಿಹಾಕುವುದಿಲ್ಲ, ನಿಜ. ಆದರೆ ನಾಳೆ ಬೇರೆಬೇರೆ ದೇಶಗಳ ಕೋರ್ಟುಗಳಲ್ಲಿ ವಕೀಲರು ಅದನ್ನು ಎತ್ತಿ ಓದಬಹುದು.

ಸಂಘಟಕರಿಗೆ ಮಗಳೇ ಒಂದು ಇ-ಮೇಲ್ ಬರೆಯಲಿ: ನನ್ನ ಕೆರೆಯ ಪ್ರಬಂಧ ಮಂಡಿಸಲು ಎಷ್ಟು ನಿಮಿಷ ಕೊಡುತ್ತೀರಿ, ಪರಿಶೀಲಿಸುವವರು ಯಾರು, ಪ್ರಯಾಣದ ನೆರವು ಇದೆಯೇ, ವೀಸಾ ಸಿಗದಿದ್ದರೆ ಶುಲ್ಕ ವಾಪಸೇ? ಉತ್ತರ ಬಂದರೆ ನನಗೂ ಕಳಿಸಿ. ಅಷ್ಟರಲ್ಲಿ ಅವಳ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಬಿಡಿ. ಸಾಮಾನ್ಯ ಅರ್ಜಿಗೆ 1,500 ರೂಪಾಯಿ, ಹತ್ತು ವರ್ಷ ಬಾಳಿಕೆ. ಖರ್ಚು ಕೊಟ್ಟು ಕರೆಸಿಕೊಳ್ಳುವ ಸಮ್ಮೇಳನಗಳು ಆಯ್ಕೆ ಪ್ರಕಟಿಸಿದ ಮೇಲೆ ಹೆಚ್ಚು ಸಮಯ ಕೊಡುವುದಿಲ್ಲ, ಆಗ ಪೊಲೀಸ್ ಪರಿಶೀಲನೆಗೆ ಓಡಾಡುತ್ತ ಕೂರುವುದು ಬೇಡ.