ಕಾಂಟೆಸ್ಸಾಗೆ ವಿ8 ಕೂರಿಸುವ ಮುಂಚೆ ಮಾಡಬೇಕಾದ್ದು

ಹಾಸನದ ಮನೆಯಲ್ಲಿ ವರ್ಷಗಟ್ಟಲೆ ನಿಂತಿರುವ ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ ಕ್ಲಾಸಿಕ್ 1.8 ಇದೆ, ವಿ8 (ಎಂಟು ಸಿಲಿಂಡರಿನ) ಇಂಜಿನ್ ಹಾಕಿಸಿ ಘಾಟಿಗೂ ಟ್ರ್ಯಾಕಿಗೂ ಆಗುವ ಮಸಲ್ ಕಾರ್, ಅಂದರೆ ಭಾರೀ ಶಕ್ತಿಯ ಇಂಜಿನ್ನಿನ ಕಾರು, ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಇಂಜಿನ್‌ನಿಂದಂತೂ ಶುರು ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಅದೇ ಮೇಕಿನ, ಅದೇ ಮಾದರಿಯ ಇಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಕೇಳಬಹುದು. ವಿ8ಗೆ ಆ ದಾರಿ ಇಲ್ಲ. ಅನುಮತಿ ಇಲ್ಲದೆ ಓಡಿಸಿ ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮ್ ಕೈಬಿಟ್ಟಂತೆಯೇ. ಇನ್ನೊಂದು: 1970ರ ದಶಕದ ವಾಕ್ಸ್‌ಹಾಲ್ ಬಾಡಿಯ ಈ ಗಾಡಿ ನೋಟಕ್ಕಷ್ಟೇ ಮಸಲ್ ಕಾರ್. ಇಸುಜುವಿನ 1817 ಸಿಸಿ ಇಂಜಿನ್ ಕೊಡುವುದು ಸುಮಾರು 88 ಅಶ್ವಶಕ್ತಿ, ಗೇರ್‌ಬಾಕ್ಸೂ ಹಿಂದಿನ ಆಕ್ಸಲ್ ಹೌಸಿಂಗೂ ಆ ಲೆಕ್ಕದವೇ. 300 ಅಶ್ವಶಕ್ತಿ ಹರಿಸಿದರೆ ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕ್ರೌನ್ ಪಿನಿಯನ್ ಗೇರಿನ ಹಲ್ಲು ಎಷ್ಟು ದಿನ ಉಳಿದೀತು?

ಹತ್ತು ರೂಪಾಯಿ ಇದ್ದರೆ ಆರನ್ನು ಬಾಡಿ, ಬ್ರೇಕು, ಸಸ್ಪೆನ್ಷನ್ನಿಗೆ ಇಡಿ.

ಬಾಡಿಯಲ್ಲಿ ಮೊದಲ ಶತ್ರು ತುಕ್ಕು. ಸಕಲೇಶಪುರ, ಮೂಡಿಗೆರೆ ಕಡೆ ಮಳೆಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಹೆಚ್ಚು. ಮ್ಯಾಟ್ ಎಲ್ಲ ಕಿತ್ತು ಫ್ಲೋರ್, ಬಾಗಿಲ ಕೆಳಗಿನ ಸಿಲ್, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಹಿಂದಿನ ಆಕ್ಸಲ್ ಹಿಡಿದಿರುವ ಟ್ರೇಲಿಂಗ್ ಆರ್ಮ್ ಬೋಲ್ಟ್ ಆಗುವ ಜಾಗಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತೂರಿದರೆ ಆ ಭಾಗ ಕತ್ತರಿಸಿ 1.2 ಮಿ.ಮೀ. ಶೀಟು ಹಾಕಿ ಮಿಗ್ ವೆಲ್ಡಿಂಗ್ ಮಾಡಿಸಿ. ಟಿಂಕರಿಂಗ್‌ನವರು ಪುಟ್ಟಿ ಮೆತ್ತಿ ಪೇಂಟ್ ಹೊಡೆಯಲು ನೋಡುತ್ತಾರೆ, ಒಪ್ಪಬೇಡಿ. ಪುಟ್ಟಿಯ ಒಳಗೆ ತೇವ ನಿಂತು ಮುಂದಿನ ಮಳೆಗಾಲಕ್ಕೆ ಉಬ್ಬುತ್ತದೆ.

ಬ್ರೇಕಿನಲ್ಲಿ ರಬ್ಬರ್ ಹೋಸ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್ ಎಲ್ಲ ಹೊಸದಾಗಲಿ. ಹಳೆಯ ಹೋಸ್ ಒಳಗೇ ಊದಿಕೊಂಡಿರುತ್ತದೆ: ಪೆಡಲ್ ಬಿಟ್ಟರೂ ಒತ್ತಡ ಬಿಡುವುದಿಲ್ಲ, ಒಂದು ಚಕ್ರ ಕಾದು ಗಾಡಿ ಒಂದು ಕಡೆ ಎಳೆಯುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹಾಕಿ. ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಎಳೆದುಕೊಂಡ ಮೇಲೆ 155ರವರೆಗೂ ಇಳಿಯಬಹುದು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಪೆಡಲ್ ಮೆತ್ತಗಾಗುವುದು ಫ್ಲೂಯಿಡ್ ಕುದಿದು ಗುಳ್ಳೆ ಬರುವುದರಿಂದಲೇ. ವರ್ಷಕ್ಕೊಮ್ಮೆ ಬದಲಿಸಿ, ಟ್ರ್ಯಾಕಿಗೆ ಹೋಗುವ ಮುಂಚೆ ಇನ್ನೊಮ್ಮೆ. ಡಾಟ್ 5 ಸಿಲಿಕೋನ್ ಫ್ಲೂಯಿಡ್, ಇದಕ್ಕೆ ಬೆರೆಯುವುದಿಲ್ಲ. ಮುಂದಿನ ಚಕ್ರಗಳಿಗೆ ದೊಡ್ಡ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಹಾಕಿಸಿ ಮಾಸ್ಟರ್ ಸಿಲಿಂಡರ್ ಹಳೆಯದೇ ಬಿಟ್ಟರೆ ಪೆಡಲ್ ನೆಲಕ್ಕೆ ಇಳಿಯುತ್ತದೆ. ಎರಡನ್ನೂ ಜೋಡಿಯಾಗಿ ಲೆಕ್ಕ ಹಾಕಬೇಕು.

ಸಸ್ಪೆನ್ಷನ್ನಿನಲ್ಲಿ ಬುಶ್, ಬಾಲ್ ಜಾಯಿಂಟ್, ಗ್ಯಾಸ್ ಶಾಕ್ ಬದಲಿಸಿದರೆ ಅರ್ಧ ಕೆಲಸ ಮುಗಿಯಿತು. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಬೇಡಿ, ನಮ್ಮ ಹಂಪ್‌ಗಳಿಗೆ ಇಂಜಿನ್ ಕೆಳಗಿನ ಆಯಿಲ್ ಸಂಪು ಒಡೆಯುತ್ತದೆ.

ಇನ್ನು ಇಂಜಿನ್. ವಿ8 ಬಿಡಿ, ಇರುವ 1.8ನ್ನೇ ಸರಿಮಾಡಿ. ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡದ) ಪರೀಕ್ಷೆಯಲ್ಲಿ ನಾಲ್ಕು ಸಿಲಿಂಡರಿನ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಕಂಪ್ರೆಷನ್ ಏರಿಸಲು ಹೆಡ್ ಶೇವ್ (ಸಿಲಿಂಡರ್ ಹೆಡ್ಡಿನ ಕೆಳಭಾಗ ಹೆರೆಯುವುದು) ಮಾಡಿಸುವುದಾದರೆ ಲೇತ್‌ನವರ ಅಂದಾಜಿಗೆ ಬಿಡಬೇಡಿ. ಒಂದು ಸಿಲಿಂಡರ್ 454 ಸಿಸಿ. 9:1 ಕಂಪ್ರೆಷನ್ ಬೇಕಿದ್ದರೆ ಚೇಂಬರ್, ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ಗುಳಿ ಎಲ್ಲ ಸೇರಿ 57 ಸಿಸಿ ಹತ್ತಿರ ಬರಬೇಕು. ಚೇಂಬರಿಗೆ ಅಕ್ರಿಲಿಕ್ ಹಲಗೆ ಮುಚ್ಚಿ ಸಿರಿಂಜ್‌ನಲ್ಲಿ ಎಣ್ಣೆ ಬಿಟ್ಟು ಅಳೆಯಿರಿ. ಇದರ ಜೊತೆ ಪೋರ್ಟ್ ಕೆಲಸ (ಹೆಡ್ಡಿನ ಗಾಳಿದಾರಿ ನುಣುಪು ಮಾಡುವುದು), 4-2-1 ಹೆಡರ್ (ಎಕ್ಸಾಸ್ಟ್ ಪೈಪುಗಳ ಸೆಟ್), ಒಳ್ಳೆಯ ಟ್ವಿನ್ ಬ್ಯಾರೆಲ್ ಕಾರ್ಬುರೇಟರ್ ಸೇರಿದರೆ 110 ಅಶ್ವಶಕ್ತಿಯ ಹತ್ತಿರ ನಿರೀಕ್ಷಿಸಬಹುದು. 200 ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಡೈನೋ ಶೀಟ್ (ಯಂತ್ರದಲ್ಲಿ ಶಕ್ತಿ ಅಳೆದ ವರದಿ) ಕೇಳಿ.

ತುಂಬಾ ಜನ ಎಡವುವುದು ಜೆಟ್ಟಿನಲ್ಲಿ, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನಲ್ಲಿ. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಸರಿಯಾಗಿ ಕೂಡಿಸಿದ ಜೆಟ್ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಶೇ. 5ರಷ್ಟು ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದು. ಅಲ್ಲಿಯ ಸೆಕೆ, ಉದ್ದದ ಸ್ಟ್ರೇಟಿನಲ್ಲಿ ಪೂರ್ತಿ ಆಕ್ಸಿಲರೇಟರ್, ಏರಿಸಿದ ಕಂಪ್ರೆಷನ್ ಮೂರೂ ಸೇರಿದರೆ ಇಂಜಿನ್ ನಾಕ್ ಆಗಿ (ಮಿಶ್ರಣ ತಾನಾಗಿಯೇ ಸಿಡಿದು) ಪಿಸ್ಟನ್ ತೂತಾಗಬಹುದು. ಅಲ್ಲಿಗೆ ಒಂದು ನಂಬರ್ ದೊಡ್ಡ ಮೇನ್ ಜೆಟ್ ಹಾಕಿ, ಪ್ಲಗ್ ಕಿಡಿಯ ಟೈಮಿಂಗ್ 2 ಡಿಗ್ರಿ ಹಿಂದಕ್ಕೆ ತನ್ನಿ, ಮೊದಲ ಸುತ್ತುಗಳ ನಂತರ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದು ಮೇಲೆ ಕಣಕಣ ಅಂಟಿದ್ದರೆ ತಕ್ಷಣ ನಿಲ್ಲಿಸಿ. ಬಂಕಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲೂ ಮಿಶ್ರಣವನ್ನು ಲೀನ್ ಮಾಡುತ್ತದೆ, ಹಳೆಯ ಫ್ಯೂಯೆಲ್ ಪೈಪನ್ನು ಮೆತ್ತಗೆ ಮಾಡುತ್ತದೆ. ಎಥನಾಲ್ ತಡೆಯುವ ಹೋಸ್ ಹಾಕಿ. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ, ಎಥನಾಲ್ ನೀರು ಎಳೆದುಕೊಂಡು ತಳಕ್ಕಿಳಿಯುತ್ತದೆ.

ಕೂಲಿಂಗಿಗೆ ರೇಡಿಯೇಟರ್ ಕೋರ್ ಹೊಸದು, ಫ್ಯಾನಿಗೆ ಶ್ರೌಡ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಸುವ ಕವಚ), ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ. ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತುಹಾಕಿ ಅನ್ನುವ ಸಲಹೆ ಗ್ಯಾರೇಜುಗಳಲ್ಲಿ ಪುಕ್ಕಟೆ ಸಿಗುತ್ತದೆ. ಕಿತ್ತರೆ ಮಲೆನಾಡಿನ ಚಳಿಯಲ್ಲಿ ಇಂಜಿನ್ ಸರಿಯಾದ ಶಾಖಕ್ಕೆ ಬರುವುದೇ ಇಲ್ಲ, ಪೆಟ್ರೋಲ್ ಆಯಿಲ್‌ಗೆ ಬೆರೆತು ಬೋರ್ ಸವೆಯುತ್ತದೆ.

ರೋಲ್ ಕೇಜ್ (ಗಾಡಿ ಮಗುಚಿದರೆ ಕಾಯುವ ಒಳಗಿನ ಪೈಪಿನ ಚೌಕಟ್ಟು) ಬಗ್ಗೆ ಎಚ್ಚರ. ಸೀಟಿನ ಹಿಂದಿನ ಮುಖ್ಯ ಹೂಪಿಗೆ (ಕಮಾನಿಗೆ) 45 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪು ಬೇಕು. ಬುಡಕ್ಕೆ 3 ಮಿ.ಮೀ. ಪ್ಲೇಟ್ ವೆಲ್ಡ್ ಆಗಬೇಕು. ಗೇಟು ಮಾಡುವ ಪೈಪಿನ ಕೇಜು ಅಲಂಕಾರ ಅಷ್ಟೇ. ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸಿದರೆ ಸಣ್ಣ ಡಿಕ್ಕಿಗೂ ತಲೆ ಆ ಕಂಬಿಗೇ ಹೊಡೆಯುತ್ತದೆ. ರಸ್ತೆಗೂ ಬೇಕು ಅಂತಿದ್ದರೆ ಕೇಜ್ ಬೇಡ, ಮೂರು ಪಾಯಿಂಟ್ ಬೆಲ್ಟ್ ಸಾಕು.

ಟಯರಿನ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದನ್ನು ಟ್ರ್ಯಾಕಿಗೆ ಒಯ್ಯಬೇಡಿ. ಮೊದಲ ಬಾರಿಗೆ ಕೊಯಮತ್ತೂರಿನ 2.1 ಕಿ.ಮೀ. ಕರಿ ಟ್ರ್ಯಾಕ್ ಒಳ್ಳೆಯದು, ಚಿಕ್ಕದು, ವೇಗ ಕಡಿಮೆ. ಟಯರು ತಣ್ಣಗಿರುವಾಗ 30 ಪಿಎಸ್‌ಐ ಗಾಳಿ ಇಟ್ಟು ಇಳಿಯಿರಿ, ಹದಿನೈದು ನಿಮಿಷಕ್ಕೆ ಒಳಗೆ ಬನ್ನಿ, ಕೊನೆಯ ಸುತ್ತು ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ನೋಡಿ.