ಲಕಾನ್ ಹೊರಗುಳಿದದ್ದು ಏಕೆ?

ಪ್ರಶ್ನೆ: ಫ್ರೆಂಚ್ ಮನೋವಿಶ್ಲೇಷಕ ಜಾಕ್ ಲಕಾನ್ ಅವರನ್ನು ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘವು ಉಚ್ಚಾಟಿಸಿತೆಂದು ಓದಿದ್ದೇನೆ. ಅದಕ್ಕೆ ಕಾರಣ ಅವರ ವಿಚಾರಗಳೋ, ಚಿಕಿತ್ಸೆಯ ರೀತಿಯೋ? ಅವರನ್ನು ಓದಲು ಎಲ್ಲಿಂದ ತೊಡಗಬೇಕು?
– ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮುಖ್ಯ ಕಾರಣ ಚಿಕಿತ್ಸೆಯ ರೀತಿಯೇ, ಆದರೆ ಅವರ ವಿಚಾರಗಳನ್ನು ಅದರಿಂದ ಬೇರ್ಪಡಿಸಿ ನೋಡಲಾಗದು. 1901ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, ಮನೋವೈದ್ಯರಾಗಿ ತರಬೇತಿ ಪಡೆದು, 1932ರಲ್ಲಿ ಸಂಶಯೋನ್ಮಾದದ ಬಗ್ಗೆ ಮಹಾಪ್ರಬಂಧ ಬರೆದ ಲಕಾನ್, 1953ರಲ್ಲಿ ಪ್ಯಾರಿಸ್ಸಿನ ಮನೋವಿಶ್ಲೇಷಣಾ ಸಂಘದಿಂದ ತಾವಾಗಿಯೇ ಹೊರಬಂದರು. ತರಬೇತಿಯ ವ್ಯವಸ್ಥೆ ಯಾರ ಕೈಯಲ್ಲಿರಬೇಕೆಂಬ ಜಗಳವೂ ಅದರ ಹಿಂದಿತ್ತು. ಆ ರಾಜೀನಾಮೆಯೊಂದಿಗೆ ತಮ್ಮ ಅಂತರರಾಷ್ಟ್ರೀಯ ಸದಸ್ಯತ್ವವೂ ಹೋಯಿತೆಂಬುದು ಲಕಾನ್ ಮತ್ತು ಅವರ ಸಂಗಡಿಗರಿಗೆ ಆಮೇಲಷ್ಟೇ ತಿಳಿಯಿತು. ಅವರು ಕಟ್ಟಿದ ಹೊಸ ಸಂಘವು ಮಾನ್ಯತೆಗಾಗಿ ಹತ್ತು ವರ್ಷ ಕಾಯ್ದ ಮೇಲೆ, ತರಬೇತಿ ನೀಡುವ ವಿಶ್ಲೇಷಕರ ಪಟ್ಟಿಯಿಂದ ಲಕಾನ್ ಹೆಸರನ್ನು ತೆಗೆದರೆ ಮಾತ್ರ ಅದು ಸಿಗುವುದೆಂಬ ಷರತ್ತು ಬಂತು. 1963ರ ನವೆಂಬರಿನಲ್ಲಿ ಅವರ ಸಹೋದ್ಯೋಗಿಗಳೇ ಅದಕ್ಕೆ ಒಪ್ಪಿದರು.

ಆಕ್ಷೇಪವಿದ್ದದ್ದು ವಿಶ್ಲೇಷಕ ರೋಗಿಯ ಮಾತಿಗೆ ಕಿವಿಗೊಡುವ ಭೇಟಿಯ ಅವಧಿಯ ಬಗ್ಗೆ. ಪ್ರತಿ ಭೇಟಿಯೂ ಸುಮಾರು 50 ನಿಮಿಷ ನಡೆಯಬೇಕೆಂಬುದು ರೂಢಿ. ಗಡಿಯಾರ ನಿಶ್ಚಿತವಾಗಿದ್ದರೆ ರೋಗಿ ಕಾಡುಹರಟೆಯಲ್ಲೇ ಹೊತ್ತು ಕಳೆದು ಎದ್ದುಹೋಗಬಲ್ಲ. ಅದರ ಬದಲು, ಅವನ ಬಾಯಿಂದ ಅವನಿಗೇ ಅರಿಯದ ಮಹತ್ವದ ಮಾತೊಂದು ಹೊರಟ ಗಳಿಗೆಯಲ್ಲಿ ವಿಶ್ಲೇಷಕ ಭೇಟಿಯನ್ನು ಮುಗಿಸಿದರೆ, ವಾಕ್ಯಕ್ಕೆ ಪೂರ್ಣವಿರಾಮ ಬಿದ್ದಂತೆ ಆ ಮಾತಿಗೆ ಅರ್ಥ ಕೂಡಿಬರುತ್ತದೆ ಎಂಬುದು ಲಕಾನ್ ವಾದ. ಅಪ್ರಜ್ಞೆಯ, ಅಂದರೆ ನಮ್ಮ ಅರಿವಿಗೆ ಬಾರದ ಮನಸ್ಸಿನ ಭಾಗದ, ರಚನೆ ಭಾಷೆಯ ರಚನೆಯಂತಿದೆ ಎಂದು ನಂಬಿದವರಿಗೆ ಇದು ಸಹಜ ತೀರ್ಮಾನ. ವಾದದಲ್ಲಿ ತೂಕವಿದೆ. ಆದರೆ ಯಾವ ಮಾತು ಮಹತ್ವದ್ದೆಂದು ನಿರ್ಧರಿಸುವವರು ಒಬ್ಬರೇ ಆದಾಗ ಅವರನ್ನು ಪ್ರಶ್ನಿಸುವವರಾರು? ಭೇಟಿ ಕಿರಿದಾದಷ್ಟೂ ತರಬೇತಿಗಾಗಿ ತಾವೂ ವಿಶ್ಲೇಷಣೆಗೆ ಒಳಗಾಗುವ ಶಿಷ್ಯರನ್ನು ಹೆಚ್ಚು ಸೇರಿಸಿಕೊಳ್ಳಬಹುದು. ಕೊನೆಯ ವರ್ಷಗಳಲ್ಲಂತೂ ಭೇಟಿಗಳು ಕೆಲವೇ ನಿಮಿಷಗಳಿಗೆ ಇಳಿದಿದ್ದವು. ಈ ವಿಷಯದಲ್ಲಿ ವಿರೋಧಿಗಳ ಆತಂಕ ಬರೀ ಅಸೂಯೆಯಲ್ಲ ಎಂಬುದು ನನ್ನ ಅಭಿಪ್ರಾಯ. (1936ರಲ್ಲಿ ಮಾರಿಯನ್‌ಬಾದ್‌ನಲ್ಲಿ ನಡೆದ ಅದೇ ಅಂತರರಾಷ್ಟ್ರೀಯ ಸಂಘದ ಸಮ್ಮೇಳನದಲ್ಲಿ ಲಕಾನ್ ಮೊದಲ ಬಾರಿಗೆ, ಮುಂದೆ ವಿವರಿಸಲಿರುವ 'ಕನ್ನಡಿ ಹಂತ'ದ ಬಗ್ಗೆ ಮಾತನಾಡುತ್ತಿದ್ದಾಗ, ಹತ್ತನೆಯ ನಿಮಿಷಕ್ಕೆ ಅವರ ಮಾತನ್ನು ಮೊಟಕುಗೊಳಿಸಿದವರು ಅಧ್ಯಕ್ಷ ಅರ್ನೆಸ್ಟ್ ಜೋನ್ಸ್!)

ಓದನ್ನು 1966ರ 'ಎಕ್ರಿ'ಯಿಂದ ತೊಡಗಬೇಡಿ. ಒಂಬೈನೂರಕ್ಕೂ ಹೆಚ್ಚು ಪುಟಗಳ ಆ ಸಂಕಲನ ಪಳಗಿದವರನ್ನೂ ದಣಿಸುತ್ತದೆ. ಅದರೊಳಗಿನ, 1949ರಲ್ಲಿ ಜ್ಯೂರಿಕ್‌ನಲ್ಲಿ ಮಂಡಿಸಿದ ಕನ್ನಡಿ ಹಂತದ ಕಿರುಲೇಖನವೊಂದನ್ನು ಮಾತ್ರ ಆರಿಸಿಕೊಳ್ಳಿ. ಇನ್ನೂ ನೆಟ್ಟಗೆ ನಿಲ್ಲಲಾರದ ಆರರಿಂದ ಹದಿನೆಂಟು ತಿಂಗಳೊಳಗಿನ ಕೂಸು, ಕನ್ನಡಿಯಲ್ಲಿ ತನ್ನ ಇಡಿಯಾದ ರೂಪವನ್ನು ಕಂಡು ಹಿಗ್ಗುವುದನ್ನು ವಿವರಿಸುತ್ತಾ, 'ನಾನು' ಎಂಬ ಭಾವ ಮೊಳೆಯುವುದೇ ಹೊರಗಿನ ಬಿಂಬವೊಂದರಿಂದ ಎಂದು ಅವರು ಅಲ್ಲಿ ತೋರಿಸುತ್ತಾರೆ. ಅನಂತರ 1964ರ ಹನ್ನೊಂದನೆಯ ಉಪನ್ಯಾಸಮಾಲೆಗೆ ಹೋಗಿ. 1977ರಲ್ಲಿ ಬಂದ ಆಲನ್ ಶೆರಿಡನ್ ಅವರ ಇಂಗ್ಲಿಷ್ ಅನುವಾದವಿದೆ. ಅದರ ಮೊದಲ ಉಪನ್ಯಾಸದಲ್ಲಿ ಲಕಾನ್ ತಮಗಾದದ್ದನ್ನು 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯವು ತತ್ತ್ವಜ್ಞಾನಿ ಸ್ಪಿನೋಜನಿಗೆ ಹಾಕಿದ ಬಹಿಷ್ಕಾರಕ್ಕೆ ಹೋಲಿಸಿಕೊಳ್ಳುತ್ತಾರೆ. ನಿಮ್ಮ ಮೊದಲ ಪ್ರಶ್ನೆಗೆ ಅವರದೇ ಉತ್ತರ ಅಲ್ಲಿದೆ.